ಕಂಡವರ ಕಣ್ಣು, ಕೇಳುವವರ ಬಾಯಿ

(ಕಾನೂನು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಿಂದ ಬಂದ ಒಂದೆರಡು ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೇಪರಿನ ಒಳಪುಟದಲ್ಲಿ ಪೊಲೀಸ್ ಪ್ರಕಟಣೆ ಬರುತ್ತದಲ್ಲ, ಅದನ್ನು ಯಾವತ್ತಾದರೂ ಗಮನ ಇಟ್ಟು ಓದಿದ್ದೀರಾ? ‘ಎತ್ತರ 5.5 ಅಡಿ, ಎಣ್ಣೆಗೆಂಪು ಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು, ಕಪ್ಪು ಕೂದಲು.’ ಈ ಚಹರೆಗೆ ಹೊಂದುವವರು ಈ ಹಾಲ್‌ನಲ್ಲೇ ಹತ್ತು ಹನ್ನೆರಡು ಜನ ಕೂತಿದ್ದೀರಿ. ನಗಬೇಡಿ, ವೇದಿಕೆ ಮೇಲೂ ಒಬ್ಬ ಇದ್ದಾನೆ. ಪ್ರಕಟಣೆ ಬರೆದವರನ್ನು ದೂರಿ ಪ್ರಯೋಜನ ಇಲ್ಲ. ಅಮ್ಮನ ಮುಖ ನಮಗೆ ಕಣ್ಣು ಮುಚ್ಚಿದರೂ ಕಾಣುತ್ತದೆ. ಅದನ್ನೇ ಗೊತ್ತಿಲ್ಲದವರಿಗೆ ಮಾತಿನಲ್ಲಿ ಹೇಳಿ ಅಂದರೆ ದುಂಡು ಮುಖ, ಗೋಧಿ ಬಣ್ಣ ಅನ್ನುವಷ್ಟರಲ್ಲಿ ನಮ್ಮ ಸರಕು ಖಾಲಿ.

ಇವತ್ತಿನ ವಿಷಯ ರೋಬಾಟು ಮತ್ತು ಪ್ರತ್ಯಕ್ಷದರ್ಶಿ. ಕಳ್ಳನನ್ನು ಅಟ್ಟಿಸಿಕೊಂಡು ಹೋಗುವ ರೋಬಾಟಿನ ವಿಡಿಯೊ ತೋರಿಸುತ್ತಾರೆ ಅಂತ ಬಂದವರಿದ್ದರೆ ಕ್ಷಮಿಸಿ, ಅಂಥದ್ದೇನೂ ಇಲ್ಲ. ನಾನು ಹೇಳಬೇಕಿರುವುದು ಬೇರೆ. ಆರೋಪಿಯ ಮುಖ ಪತ್ತೆ ಮಾಡುವ ಯಂತ್ರ ಬೇಕು ಅಂತ ಎಲ್ಲ ಕಡೆ ಪೊಲೀಸರು ಓಡುತ್ತಿದ್ದಾರೆ. ನನ್ನ ಪ್ರಕಾರ ಯಂತ್ರಕ್ಕೆ ಕೆಲಸ ಇರುವುದು ಅದಕ್ಕಿಂತ ಒಂದು ಹೆಜ್ಜೆ ಮುಂಚೆ. ಸಾಕ್ಷಿಯ ಎದುರು ಕೂತು ಪ್ರಶ್ನೆ ಕೇಳುವ ಕುರ್ಚಿಯಲ್ಲಿ.

ಮೊದಲು ಚಿತ್ರ ಬರೆಸುವ ಕಥೆ. ಎಲ್ಲ ಠಾಣೆಗೂ ಕಲಾವಿದರು ಎಲ್ಲಿಂದ ಸಿಗಬೇಕು? ಅದಕ್ಕೆ ಅಮೆರಿಕದ ಲಾಸ್ ಏಂಜಲೀಸ್‌ನ ಪೊಲೀಸ್ ಅಧಿಕಾರಿ ಹ್ಯೂ ಮೆಕ್‌ಡೊನಾಲ್ಡ್ 1950ರ ದಶಕದ ಕೊನೆಗೆ ‘ಐಡೆಂಟಿಕಿಟ್’ ಅನ್ನುವ ಪೆಟ್ಟಿಗೆ ತಂದರು. ಒಳಗೆ ಪಾರದರ್ಶಕ ಹಾಳೆಗಳು. ಒಂದರಲ್ಲಿ ಮೂಗು, ಒಂದರಲ್ಲಿ ಗಲ್ಲ, ಇನ್ನೊಂದರಲ್ಲಿ ಹುಬ್ಬು. ಸಾಕ್ಷಿ ಆರಿಸಿದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರೆ ಮುಖ ರೆಡಿ. 1961ರ ಮಾರ್ಚಿನಲ್ಲಿ ಲಂಡನ್ನಿನ ಸೆಸಿಲ್ ಕೋರ್ಟ್ ಅನ್ನುವ ಓಣಿಯಲ್ಲಿ, ಹಳೇ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಕೊಲೆ ಆಯಿತು. ಐಡೆಂಟಿಕಿಟ್ ಚಿತ್ರ ಹೊರಬಿದ್ದ ಸ್ವಲ್ಪೇ ದಿನಕ್ಕೆ ಕೋಲ್ ಅನ್ನುವ ಕಾನ್‌ಸ್ಟೇಬಲ್ ರಸ್ತೆಯಲ್ಲಿ ಹೋಗುತ್ತಿದ್ದ ಎಡ್ವಿನ್ ಬುಷ್‌ನನ್ನು ಮುಖ ನೋಡಿಯೇ ಹಿಡಿದರು. ಬ್ರಿಟನ್ನಿನಲ್ಲಿ ಆ ಪೆಟ್ಟಿಗೆಯಿಂದ ಸಿಕ್ಕಿಬಿದ್ದ ಮೊದಲ ಕೊಲೆಗಾರ ಅವನು. ಆಮೇಲೆ ಕೇಳಬೇಕೆ! 1970ಕ್ಕೆ ರೇಖೆಗಳ ಬದಲು ಫೋಟೊ ತುಣುಕು ಜೋಡಿಸುವ ‘ಫೋಟೊಫಿಟ್’ ಬಂತು. ಅದಾದ ಮೇಲೆ ಅದೇ ಕೆಲಸ ಕಂಪ್ಯೂಟರಿಗೆ ಹೋಯಿತು.

ಒಂದು ಗೆಲುವು ಹತ್ತು ಸೋಲನ್ನು ಮುಚ್ಚುತ್ತದೆ, ಅಲ್ವಾ? ಮನಶ್ಶಾಸ್ತ್ರಜ್ಞರು ಈ ಚಿತ್ರಗಳನ್ನು ಪರೀಕ್ಷೆಗೆ ಇಟ್ಟಾಗ ಬಣ್ಣ ಬಯಲಾಯಿತು. ಚಾರ್ಲಿ ಫ್ರೌಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ಮುಖ ನೋಡಿ ಎರಡು ದಿನ ಆದ ಮೇಲೆ ಚಿತ್ರ ಮಾಡಿಸಿದರು. ನಿಜವಾದ ತನಿಖೆಯಲ್ಲೂ ಅಷ್ಟು ಹೊತ್ತು ಆಗಿಯೇ ಆಗುತ್ತದೆ. ಆ ಚಿತ್ರಗಳನ್ನು ನೋಡಿ ಜನ ಸರಿಯಾದ ಹೆಸರು ಹೇಳಿದ್ದು ನೂರಕ್ಕೆ ಐದು ಸಲಕ್ಕಿಂತ ಕಡಿಮೆ.

ಕಾರಣ ಸ್ವಾರಸ್ಯವಾಗಿದೆ. ನಾವು ಮುಖವನ್ನು ಬಿಡಿಬಿಡಿಯಾಗಿ ನೋಡುವುದೇ ಇಲ್ಲ, ಇಡಿಯಾಗಿ ನೋಡುತ್ತೇವೆ. ‘ಈ 40 ಮೂಗಿನಲ್ಲಿ ಅವನ ಮೂಗು ಯಾವುದು’ ಅಂತ ಕೇಳಿದರೆ ಯಾರಿಗೆ ಹೇಳಲು ಬರುತ್ತದೆ? ಇನ್ನೊಂದು ತೊಡಕೂ ಇದೆ. ಅಬರ್ಡೀನ್ ವಿಶ್ವವಿದ್ಯಾಲಯದ ಎಲಿಸ್, ಶೆಫರ್ಡ್, ಡೇವೀಸ್ 1979ರಲ್ಲೇ ಇದನ್ನು ತೋರಿಸಿದ್ದರು. ಪರಿಚಯದವರನ್ನು ನಾವು ಹಿಡಿಯುವುದು ಹೆಚ್ಚಾಗಿ ಮುಖದ ಒಳಭಾಗದಿಂದ, ಅಂದರೆ ಕಣ್ಣು, ಮೂಗು, ಬಾಯಿಯಿಂದ. ಅಪರಿಚಿತರ ಮುಖದಲ್ಲಿ ಒಳಭಾಗಕ್ಕೆ ಆ ಮೇಲುಗೈ ಇಲ್ಲ, ಕೂದಲು, ಮುಖದ ಆಕಾರವೂ ನಮಗೆ ಅಷ್ಟೇ ಎದ್ದು ಕಾಣುತ್ತವೆ. ಹಾಗಾಗಿ ಸಾಕ್ಷಿ ಚಿತ್ರದಲ್ಲಿ ಚೆನ್ನಾಗಿ ಬರೆಸುವುದು ಕೂದಲನ್ನು. ಆ ಚಿತ್ರ ನೋಡಿ ‘ಅಯ್ಯೋ, ಇವನು ನಮ್ಮ ಬೀದಿಯವನು’ ಅನ್ನಬೇಕಾದ ನೆರೆಮನೆಯವರು ನೋಡುವುದು ಕಣ್ಣು ಬಾಯನ್ನು. ಇಬ್ಬರ ಲೆಕ್ಕ ಕೂಡುವುದೇ ಇಲ್ಲ.

ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಫ್ರೌಡ್ ಮತ್ತು ಪೀಟರ್ ಹ್ಯಾನ್‌ಕಾಕ್ ಶುರು ಮಾಡಿದ ‘ಇವೊಫಿಟ್’ ಈ ತೊಡಕಿಗೆ ಸಿಕ್ಕ ಉತ್ತರ. ಅಲ್ಲಿ ಸಾಕ್ಷಿ ಮೂಗು ಆರಿಸುವ ಹಾಗಿಲ್ಲ. ಪರದೆ ಮೇಲೆ 18 ಇಡೀ ಮುಖ ಬರುತ್ತವೆ, ಸುಮಾರಾಗಿ ಹೋಲುವಂಥವನ್ನು ಮುಟ್ಟಿದರೆ ಸಾಕು. ಕಂಪ್ಯೂಟರ್ ಅವುಗಳನ್ನು ಬೆರೆಸಿ ಹೊಸ ಮುಖಗಳನ್ನು ಹುಟ್ಟಿಸುತ್ತದೆ. ಮತ್ತೆ ಆರಿಸಿ, ಮತ್ತೆ ಬೆರೆಸಿ, ಹೀಗೆ ಹತ್ತಿರ ಹತ್ತಿರ ಹೋಗುತ್ತಾರೆ. ಕೂದಲನ್ನು ಮೊದಮೊದಲು ಮಸುಕು ಮಾಡಿ ಅಥವಾ ಪೂರ್ತಿ ತೆಗೆದು ತೋರಿಸುತ್ತಾರೆ, ಕಣ್ಣು ಒಳಭಾಗದ ಮೇಲೆ ನಿಲ್ಲಲಿ ಅಂತ. ಇನ್ನೂ ಒಂದು ವಿಚಿತ್ರ ಕಂಡುಕೊಂಡರು. ಸಿದ್ಧವಾದ ಚಿತ್ರವನ್ನು ಓರೆಯಾಗಿ, ಪಕ್ಕದಿಂದ ನೋಡಿದರೆ ಮುಖ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ. ಹಾಗೆ ನೋಡಿದವರು ಹೆಚ್ಚು ಸಲ ಸರಿಯಾದ ಹೆಸರು ಹೇಳಿದರು! ಚಿತ್ರದಲ್ಲಿರುವ ಸಣ್ಣಪುಟ್ಟ ತಪ್ಪು ಓರೆನೋಟದಲ್ಲಿ ಅಡಗಿಹೋಗುತ್ತವೆ ಅನ್ನುವುದು ವಿವರಣೆ. ಮನೆಗೆ ಹೋಗಿ ಫೋನ್ ಓರೆ ಹಿಡಿದು ನೋಡಿ.

ನಮ್ಮಲ್ಲೂ ನೆನಪಿರಬಹುದು. ಗೌರಿ ಲಂಕೇಶ್ ಹತ್ಯೆಯ ತನಿಖೆಯಲ್ಲಿ ಎಸ್‌ಐಟಿ 2017ರ ಅಕ್ಟೋಬರ್‌ನಲ್ಲಿ 3 ರೇಖಾಚಿತ್ರ ಬಿಡುಗಡೆ ಮಾಡಿತು. ಚಿತ್ರ ಮೂರಾದರೂ ಶಂಕಿತರು ಇಬ್ಬರೇ. ಒಬ್ಬನ ಚಿತ್ರವನ್ನೇ ಇಬ್ಬರು ಕಲಾವಿದರು ಬೇರೆ ಬೇರೆಯಾಗಿ ಬರೆದಿದ್ದರು. ಒಂದು ಚಿತ್ರದಲ್ಲಿ ಹಣೆಗೆ ತಿಲಕ ಇತ್ತು, ಚರ್ಚೆ ಎಲ್ಲ ಅದರ ಸುತ್ತಲೇ ಗಿರಕಿ ಹೊಡೆಯಿತು. ರಾಜಕೀಯ ಬಿಡಿ. ತನಿಖೆಯ ದೃಷ್ಟಿಯಿಂದ ನೋಡಿದರೆ ತಿಲಕವೂ ಕೂದಲಿನ ಹಾಗೆಯೇ. ಅಳಿಸಿದರೆ ಹೋಯಿತು.

ಇಲ್ಲಿಯವರೆಗೆ ಹೇಳಿದ್ದು ನೆನಪನ್ನು ಹೊರಗೆ ತೆಗೆಯುವ ಕಷ್ಟ. ಹೊರಗೆ ತೆಗೆಯುವಾಗಲೇ ನೆನಪು ಕೆಡುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ತಲೆನೋವು.

ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಮಾಡಿದ ಪ್ರಯೋಗ ನಿಮ್ಮ ಪಠ್ಯದಲ್ಲೂ ಇರಬಹುದು, ಬೇಗ ಹೇಳಿ ಮುಗಿಸುತ್ತೇನೆ. ಕಾರು ಅಪಘಾತದ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದರು. ‘ಕಾರುಗಳು ಅಪ್ಪಳಿಸಿದಾಗ’ ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ 41 ಮೈಲಿಯ ಹತ್ತಿರ ಹೇಳಿದರು. ‘ಗುದ್ದಿದಾಗ’ ಅನ್ನುವಂಥ ಮೆತ್ತಗಿನ ಮಾತು ಕೇಳಿದವರು 34 ಅಂದರು. ಇನ್ನೊಂದು ಗುಂಪಿಗೆ ವಾರದ ನಂತರ ‘ಒಡೆದ ಗಾಜು ನೋಡಿದಿರಾ’ ಅಂದರೆ, ‘ಅಪ್ಪಳಿಸಿದಾಗ’ ಅಂತ ಕೇಳಿದ್ದ 50 ಜನರಲ್ಲಿ 16 ಮಂದಿ ಹೌದು ಅಂದರು. ‘ಗುದ್ದಿದಾಗ’ ಗುಂಪಿನ 50ರಲ್ಲಿ 7. ಫಿಲ್ಮಿನಲ್ಲಿ ಒಡೆದ ಗಾಜು ಇರಲೇ ಇಲ್ಲ.

ಬರೀ ಚಹರೆ ವಿವರಿಸುವುದರಿಂದಲೂ ಪೆಟ್ಟು ಬೀಳಬಹುದು. 1990ರಲ್ಲಿ ಜೊನಾಥನ್ ಸ್ಕೂಲರ್ ಮತ್ತು ಟೋನ್ಯಾ ಎಂಗ್‌ಸ್ಟ್ಲರ್-ಸ್ಕೂಲರ್ ಬ್ಯಾಂಕ್ ದರೋಡೆಯ ವಿಡಿಯೊ ತೋರಿಸಿದರು. ಸುಮ್ನೆ ಬೇರೆ ಕೆಲಸ ಮಾಡಿಕೊಂಡಿದ್ದವರಲ್ಲಿ ನೂರಕ್ಕೆ 64 ಮಂದಿ ಆಮೇಲೆ ದರೋಡೆಕೋರನ ಫೋಟೊ ಸರಿಯಾಗಿ ಆರಿಸಿದರು. ಮುಖವನ್ನು ಮಾತಿನಲ್ಲಿ ಬರೆದುಕೊಟ್ಟವರಲ್ಲಿ 38 ಮಂದಿ. 2014ರಲ್ಲಿ ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಮತ್ತೆ ಮಾಡಿ ನೋಡಿದಾಗ ಪರಿಣಾಮ ಇಷ್ಟು ದೊಡ್ಡದಾಗಿ ಬರಲಿಲ್ಲ, ಆದರೆ ಬಂತು.

ಈಗ ನಿಜವಾದ ಒಂದು ಕೇಸು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1984ರ ಜುಲೈ. ಅಮೆರಿಕದ ಉತ್ತರ ಕೆರೊಲಿನಾದ ಬರ್ಲಿಂಗ್ಟನ್ ಊರು. ರಾತ್ರಿ ಮನೆಗೆ ನುಗ್ಗಿದವನೊಬ್ಬ ಕಾಲೇಜು ವಿದ್ಯಾರ್ಥಿನಿಯ ಮೇಲೆ ಅತ್ಯಾಚಾರ ಮಾಡಿದ. ಆಕೆ ಧೈರ್ಯಗೆಡದೆ, ಬದುಕಿ ಉಳಿದರೆ ಇವನನ್ನು ಬಿಡಬಾರದು ಅಂತ ಅವನ ಮುಖವನ್ನು ಗಮನ ಇಟ್ಟು ನೋಡಿಕೊಂಡರು. ಅಂದರೆ ಇದು ಅರೆಗಣ್ಣಲ್ಲಿ ಕಂಡ ಸಾಕ್ಷಿ ಅಲ್ಲ, ವಕೀಲರು ಬಯಸುವಂಥ ಸಾಕ್ಷಿ. ಮೊದಲು ಕಣ್ಣು, ಮೂಗು ಆರಿಸಿ ಚಿತ್ರ ಮಾಡಿಸಿದರು. ಕೆಲವು ದಿನಕ್ಕೆ 6 ಫೋಟೊ ಮುಂದಿಟ್ಟರು. ಆಕೆ ಹಲವು ನಿಮಿಷ ನೋಡಿ, ಒಂದೊಂದೇ ಬದಿಗೆ ಸರಿಸಿ, ರೊನಾಲ್ಡ್ ಕಾಟನ್ ಅನ್ನುವವರ ಫೋಟೊ ಆರಿಸಿದರು. ಸರಿಯಾಗಿ ಆರಿಸಿದಿರಿ ಅನ್ನುವ ಧಾಟಿಯ ಮಾತು ಪೊಲೀಸರಿಂದ ಬಂತು. ಮುಂದೆ ಜನರನ್ನೇ ಸಾಲಾಗಿ ನಿಲ್ಲಿಸಿದರು. ಅಲ್ಲಿ ಆಕೆಗೆ ಇಬ್ಬರ ನಡುವೆ ಗೊಂದಲ ಆಯಿತು, ಕೊನೆಗೆ ಮತ್ತೆ ಕಾಟನ್ನರನ್ನೇ ತೋರಿಸಿದರು. ಫೋಟೊದಲ್ಲೂ ನೀವು ಆರಿಸಿದ್ದು ಇವನನ್ನೇ ಅಂತ ಪೊಲೀಸರು ಹೇಳಿದರು. ಫೋಟೊ ಮತ್ತು ಸಾಲು ಎರಡರಲ್ಲೂ ಇದ್ದದ್ದು ಕಾಟನ್ ಒಬ್ಬರೇ ಅನ್ನುವುದನ್ನು ಗಮನಿಸಿ.

ಅಷ್ಟರಲ್ಲಿ ಆಕೆಯ ತಲೆಯಲ್ಲಿ ದಾಳಿಕೋರನ ಮುಖ ಇದ್ದ ಜಾಗದಲ್ಲಿ ಕಾಟನ್ನರ ಮುಖ ಕೂತಾಗಿತ್ತು. ಎಷ್ಟು ಗಟ್ಟಿಯಾಗಿ ಅಂದರೆ, 1987ರ ಮರುವಿಚಾರಣೆಯಲ್ಲಿ, ನಿಜವಾದ ದಾಳಿಕೋರ ಇವನಿರಬಹುದು ಅಂತ ಬಾಬಿ ಪೂಲ್ ಅನ್ನುವವನನ್ನು ಕೋರ್ಟಿಗೆ ತಂದು ನಿಲ್ಲಿಸಿದರು. ಇವನನ್ನು ನಾನು ನೋಡಿಯೇ ಇಲ್ಲ ಅಂದರು ಆಕೆ. 1995ರಲ್ಲಿ ಡಿಎನ್‌ಎ ಪರೀಕ್ಷೆ ಆಯಿತು. ಅಪರಾಧಿ ಪೂಲ್. ಕಾಟನ್ ಹತ್ತು ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದಿದ್ದರು. ಅಮೆರಿಕದಲ್ಲಿ ಡಿಎನ್‌ಎಯಿಂದ ಬಿಡುಗಡೆಯಾದ ನಿರಪರಾಧಿಗಳ ಕೇಸುಗಳನ್ನು, ತಪ್ಪಾಗಿ ಶಿಕ್ಷೆಯಾದವರ ಪರ ಕೆಲಸ ಮಾಡುವ ಇನೊಸೆನ್ಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಲೆಕ್ಕ ಹಾಕಿದೆ. ಹತ್ತರಲ್ಲಿ ಸುಮಾರು ಏಳರಲ್ಲಿ ಸಾಕ್ಷಿ ತಪ್ಪಾಗಿ ಗುರುತಿಸಿದ್ದು ಒಂದು ಕಾರಣ.

ಈ ಕೇಸಿನಲ್ಲಿ ಕೆಟ್ಟವರು ಯಾರು ಅಂತ ಹುಡುಕಿದರೆ, ಪೂಲ್ ಬಿಟ್ಟು ಯಾರೂ ಸಿಗುವುದಿಲ್ಲ. ಆಕೆ ಸುಳ್ಳು ಹೇಳಲಿಲ್ಲ. ಪೊಲೀಸರು ಆಕೆಗೆ ಧೈರ್ಯ ತುಂಬುತ್ತಿದ್ದೇವೆ ಅಂದುಕೊಂಡಿದ್ದರು. ಆ ಒಳ್ಳೆಯ ಮಾತೇ ಅನುಮಾನವನ್ನು ಖಾತ್ರಿ ಮಾಡಿಬಿಟ್ಟಿತು. 1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಇದನ್ನೇ ಪ್ರಯೋಗದಲ್ಲಿ ತೋರಿಸಿದರು. ತಪ್ಪು ಫೋಟೊ ಆರಿಸಿದವರಿಗೂ ‘ಭೇಷ್, ಶಂಕಿತನನ್ನೇ ಆರಿಸಿದಿರಿ’ ಅಂದರೆ ಸಾಕು. ನನಗೆ ಮೊದಲಿಂದಲೂ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು ಅಂತ ಅವರೇ ಹೇಳುತ್ತಾರೆ. ಹಿಂದಿನದ್ದೂ ಬದಲಾಗುತ್ತದೆ, ನೋಡಿ. ಮಾತೇ ಬೇಕಿಲ್ಲ. ಫೋಟೊ ಹಿಡಿದ ಅಧಿಕಾರಿಗೆ ಯಾರು ಶಂಕಿತ ಅಂತ ಗೊತ್ತಿದ್ದರೆ, ಒಂದು ‘ಹ್ಞೂಂ’, ಮುಂದಕ್ಕೆ ಬಾಗಿದ ಕತ್ತು, ಕೆಳಗಿಟ್ಟ ಪೆನ್ನು ಸಾಕು. ಅದಕ್ಕೇ ಉತ್ತರ ಕೆರೊಲಿನಾ 2007ರಲ್ಲಿ ಕಾನೂನು ಮಾಡಿತು. ಶಂಕಿತ ಯಾರೆಂದು ಗೊತ್ತಿಲ್ಲದ ಅಧಿಕಾರಿಯೇ ಫೋಟೊ ತೋರಿಸಬೇಕು ಅನ್ನುವುದು ಅದರ ತಿರುಳು.

ರೋಬಾಟು ಒಳಗೆ ಬರುವುದು ಇಲ್ಲಿಂದ. ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದ ಸಿಂಡಿ ಬೆಥೆಲ್ ತಂಡ 2013ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಸುಮಾರು 100 ಜನರಿಗೆ ಸ್ಲೈಡ್ ತೋರಿಸಿದರು. ಕುರ್ಚಿ ರಿಪೇರಿ ನೆಪದಲ್ಲಿ ಆಫೀಸಿಗೆ ಬಂದವನೊಬ್ಬ ಡ್ರಾಯರಿನಿಂದ ದುಡ್ಡು, ಕ್ಯಾಲ್ಕುಲೇಟರ್ ಕದಿಯುತ್ತಾನೆ. ಆಮೇಲೆ ಕೆಲವರನ್ನು ಮನುಷ್ಯರು ಪ್ರಶ್ನೆ ಕೇಳಿದರು, ಕೆಲವರನ್ನು ‘ನಾವೊ’ ಅನ್ನುವ ರೋಬಾಟು ಕೇಳಿತು. ಎರಡು ಅಡಿಯೂ ಇಲ್ಲದ, ಎಳೆ ಮಕ್ಕಳ ಹಾಗಿರುವ ಬೊಂಬೆ ಅದು. ಅದಕ್ಕೆ ಸ್ವಂತ ಬುದ್ಧಿ ಏನೂ ಇರಲಿಲ್ಲ, ಇನ್ನೊಂದು ಕೋಣೆಯಲ್ಲಿ ಕೂತವರು ಆಡಿಸುತ್ತಿದ್ದರು. ಪ್ರಶ್ನೆಗಳು ಅಕ್ಷರ ಅಕ್ಷರ ಒಂದೇ. ಎರಡೂ ಕಡೆ ಅರ್ಧ ಜನರಿಗೆ ಬೇಕಂತಲೇ ಸುಳ್ಳು ತೂರಿಸಿದರು. ಸ್ಲೈಡಿನಲ್ಲಿ ಇಲ್ಲದ ವಸ್ತು ಇತ್ತು ಅನ್ನುವ ಹಾಗೆ ಪ್ರಶ್ನೆ.

ಮನುಷ್ಯರು ಕೇಳಿದ ಕಡೆ, ಸುಳ್ಳು ಸೇರಿದ ಪ್ರಶ್ನೆ ಕೇಳಿಸಿಕೊಂಡವರ ನೆನಪಿನ ನಿಖರತೆ ಶೇ 40ರಷ್ಟು ಕುಸಿಯಿತು. ಇಲ್ಲದ ವಸ್ತು ಅವರಿಗೆ ‘ನೆನಪಾಯಿತು’. ರೋಬಾಟು ಅದೇ ಸುಳ್ಳು ಹೇಳಿದಾಗ ಏನೂ ಆಗಲಿಲ್ಲ. ನೆನಪು ಇದ್ದ ಹಾಗೇ ಇತ್ತು.

ಯಾಕಿರಬಹುದು? ಎದುರಿಗೆ ಕೂತವರು ಮನುಷ್ಯರಾದರೆ, ಅದರಲ್ಲೂ ಸಾಹೇಬರಾದರೆ, ಅವರಿಗೆ ನನಗಿಂತ ಜಾಸ್ತಿ ಗೊತ್ತಿರುತ್ತದೆ ಅನ್ನುವ ನಂಬಿಕೆ ನಮಗೆ ಇದ್ದೇ ಇರುತ್ತದೆ. ಅವರು ಕೇಳುತ್ತಿದ್ದಾರೆ ಅಂದ ಮೇಲೆ ಆ ವಸ್ತು ಅಲ್ಲಿ ಇದ್ದಿರಲೇಬೇಕು. ಅವರ ಮುಖ ಬಾಡದ ಹಾಗೆ ನೋಡಿಕೊಳ್ಳುವುದೂ ನಮ್ಮ ಜವಾಬ್ದಾರಿ ಅನ್ನಿಸುತ್ತದೆ. ಪ್ಲಾಸ್ಟಿಕ್ ಬೊಂಬೆಗೆ ಆ ಮರ್ಯಾದೆ ಯಾರು ಕೊಡುತ್ತಾರೆ? ಇದು ನನ್ನ ಊಹೆ. ಒಂದು ವಿಶ್ವವಿದ್ಯಾಲಯದ ಒಂದು ಪ್ರಯೋಗ ಅನ್ನುವುದನ್ನು ಮರೆಯಬೇಡಿ. ಚಾಕು ಹಿಡಿದವನನ್ನು ಕಂಡು ನಡುಗುತ್ತಿರುವ ಸಾಕ್ಷಿಯೂ ಹೀಗೇ ನಡೆದುಕೊಳ್ಳುತ್ತಾರಾ ಅನ್ನುವುದು ಸ್ಲೈಡ್ ಪ್ರಯೋಗದಿಂದ ತಿಳಿಯುವುದಿಲ್ಲ.

(ಇಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ಕೇಳಿದರು: ‘ಸರ್, ಹಾಗಾದರೆ ರೋಬಾಟೇ ಯಾಕೆ? ಚಾಟ್‌ಬಾಟ್ ಸಾಕಲ್ಲ?’)

ಇದಕ್ಕೆ ಸರಿಯಾದ ಉತ್ತರ 2024ರಲ್ಲಿ ಸಿಕ್ಕಿದೆ. ಎಂಐಟಿ ಮೀಡಿಯಾ ಲ್ಯಾಬ್‌ನವರು ಲಾಫ್ಟಸ್ ಅವರನ್ನೂ ಸೇರಿಸಿಕೊಂಡು 200 ಜನರ ಮೇಲೆ ಪ್ರಯೋಗ ಮಾಡಿದರು. ಅಂಗಡಿ ದರೋಡೆಯ ಸಿಸಿಟಿವಿ ತುಣುಕು ತೋರಿಸಿ, ದಾರಿ ತಪ್ಪಿಸುವ ಪ್ರಶ್ನೆ ಕೇಳಿದರು. ದರೋಡೆಕೋರರು ನಡೆದು ಬಂದಿದ್ದರೂ ಕಾರಿನಲ್ಲಿ ಬಂದರು ಅನ್ನುವ ಧಾಟಿಯ ಪ್ರಶ್ನೆಗಳು. ಒಂದು ಗುಂಪಿಗೆ ಬರೀ ಫಾರಂ, ಒಂದಕ್ಕೆ ಬರೆದಿಟ್ಟ ಪ್ರಶ್ನೆಯನ್ನಷ್ಟೇ ಕೇಳುವ ಚಾಟ್‌ಬಾಟ್, ಇನ್ನೊಂದಕ್ಕೆ ಈಗಿನ ಮಾತುಗಾರ ಎಐ ಚಾಟ್‌ಬಾಟ್. ಅಂಥ ಪ್ರಶ್ನೆಗಳನ್ನೇ ಕೇಳದ ಗುಂಪೂ ಒಂದಿತ್ತು. ಅದಕ್ಕೆ ಹೋಲಿಸಿದರೆ ಮಾತುಗಾರ ಎಐ ಮೂರು ಪಟ್ಟಿಗೂ ಹೆಚ್ಚು ಸುಳ್ಳು ನೆನಪು ಹುಟ್ಟಿಸಿತು. ಫಾರಂಗೆ ಹೋಲಿಸಿದರೂ 1.7 ಪಟ್ಟು. ವಾರದ ನಂತರವೂ ಅವು ಉಳಿದಿದ್ದವು. ಯಾಕೆಂದರೆ ಅದು ನಮ್ಮ ಉತ್ತರಕ್ಕೆ ತಲೆಯಾಡಿಸುತ್ತದೆ, ವಿವರ ಸೇರಿಸಿ ಗಟ್ಟಿ ಮಾಡುತ್ತದೆ. ಬರ್ಲಿಂಗ್ಟನ್ ಪೊಲೀಸರು ಒಂದೆರಡು ಸಲ ಅಂದ ಮಾತನ್ನು ಇದು ಪ್ರತಿ ಉತ್ತರಕ್ಕೂ ಅನ್ನುತ್ತದೆ.

ಎರಡೂ ಪ್ರಯೋಗ ಪಕ್ಕಪಕ್ಕ ಇಟ್ಟು ನೋಡಿ. ಪೆದ್ದು ಬೊಂಬೆಯಿಂದ ಸಾಕ್ಷಿ ಕೆಡಲಿಲ್ಲ, ಜಾಣ ಮಾತುಗಾರನಿಂದ ಕೆಟ್ಟರು. ಪೊಲೀಸ್ ಠಾಣೆಗೆ ಎಐ ಸಹಾಯಕ ಮಾರಲು ಬರುವ ಕಂಪನಿಗಳು ತೋರಿಸುವುದು ಎರಡನೆಯದನ್ನು, ನಮಗೆ ಬೇಕಿರುವುದು ಮೊದಲನೆಯದು.

(ಇನ್ನೊಬ್ಬ ವಿದ್ಯಾರ್ಥಿನಿ: ‘ಎಲ್ಲ ಕಡೆ ಸಿಸಿಟಿವಿ ಇದೆ, ಫೇಸ್ ರೆಕಗ್ನಿಷನ್ ಇದೆ. ಸಾಕ್ಷಿಯ ನೆನಪು ಇನ್ನು ಯಾಕೆ ಬೇಕು ಸರ್?’)

ಅಮೆರಿಕದ ಡೆಟ್ರಾಯಿಟ್ ನಗರದಲ್ಲೂ ಹೀಗೇ ಅಂದುಕೊಂಡರು. 2018ರಲ್ಲಿ ಅಲ್ಲಿ ಒಂದು ಅಂಗಡಿಯಲ್ಲಿ ವಾಚುಗಳು ಕಳವಾದವು. ಮಸುಕು ವಿಡಿಯೊದ ಮುಖವನ್ನು ಕಂಪ್ಯೂಟರಿಗೆ ಕೊಟ್ಟರೆ ರಾಬರ್ಟ್ ವಿಲಿಯಮ್ಸ್ ಅನ್ನುವವರ ಹಳೇ ಡ್ರೈವಿಂಗ್ ಲೈಸೆನ್ಸ್ ಫೋಟೊ ಬಂತು. ಆ ಫೋಟೊವನ್ನು ಬೇರೆ ಐದರ ಜೊತೆ ಇಟ್ಟು ‘ಸಾಕ್ಷಿ’ಗೆ ತೋರಿಸಿದರು. ಆ ಸಾಕ್ಷಿ ಯಾರು? ಕಳ್ಳತನ ನಡೆದಾಗ ಅಂಗಡಿಯಲ್ಲೇ ಇರದ, ಅದೇ ವಿಡಿಯೊ ನೋಡಿದ್ದ ಭದ್ರತಾ ಸಿಬ್ಬಂದಿ. ಅವರೂ ಅದೇ ಫೋಟೊ ಆರಿಸಿದರು. 2020ರ ಜನವರಿಯಲ್ಲಿ ವಿಲಿಯಮ್ಸ್‌ಗೆ ಹೆಂಡತಿ ಮಕ್ಕಳ ಎದುರು ಕೋಳ ಬಿತ್ತು, ಸುಮಾರು 30 ಗಂಟೆ ಬಂಧನದಲ್ಲಿದ್ದರು. ಅವರು ನಿರಪರಾಧಿ. 2024ರಲ್ಲಿ ನಗರ 3 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಕಂಪ್ಯೂಟರ್ ಆರಿಸಿದ ಮುಖವನ್ನು ನೇರವಾಗಿ ಫೋಟೊ ಸಾಲಿಗೆ ಹಾಕಿ, ಅಷ್ಟರಿಂದಲೇ ಬಂಧಿಸುವ ಹಾಗಿಲ್ಲ ಅಂತಲೂ ಒಪ್ಪಿಕೊಂಡಿತು.

ಕಂಪ್ಯೂಟರ್ ಹುಡುಕುವುದೇ ಹೋಲುವವರನ್ನು. ಲಕ್ಷಗಟ್ಟಲೆ ಮುಖಗಳಲ್ಲಿ ಅತಿ ಹೆಚ್ಚು ಹೋಲುವ ಒಬ್ಬ ನಿರಪರಾಧಿಯನ್ನು ಆರಿಸಿ ತಂದು ಸಾಕ್ಷಿಯ ಮುಂದೆ ಇಟ್ಟರೆ, ಸಾಕ್ಷಿ ಅವನನ್ನೇ ತೋರಿಸದೆ ಇನ್ನೇನು ಮಾಡುತ್ತಾರೆ? ಇದಕ್ಕಿಂತ ವಿಪರೀತವೂ ಇದೆ. ಅಮೆರಿಕದ ಕೆಲವು ಪೊಲೀಸ್ ಇಲಾಖೆಗಳು ಸಾಕ್ಷಿ ಹೇಳಿ ಬರೆಸಿದ ರೇಖಾಚಿತ್ರವನ್ನೇ ಈ ತಂತ್ರಾಂಶಕ್ಕೆ ಹಾಕಿ ಹುಡುಕಬಹುದು ಅಂತ ನಿಯಮ ಇಟ್ಟುಕೊಂಡಿದ್ದನ್ನು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಾನೂನು ಸಂಶೋಧಕರು 2019ರಲ್ಲಿ ಬಯಲು ಮಾಡಿದರು. ಎರಡು ದಿನದ ಹಳೇ ನೆನಪು, ಅದರ ಮೇಲೆ ಚಿತ್ರ, ಅದರ ಮೇಲೆ ಕಂಪ್ಯೂಟರ್. ದೆಹಲಿ ಪೊಲೀಸರು ಮುಖ ಶೇ 80ಕ್ಕಿಂತ ಹೆಚ್ಚು ಹೋಲಿದರೆ ಅದನ್ನು ಹೊಂದಿಕೆ ಅಂತ ಪರಿಗಣಿಸುತ್ತಾರೆ ಅಂತ 2022ರಲ್ಲಿ ಆರ್‌ಟಿಐ ಉತ್ತರದಿಂದ ತಿಳಿಯಿತು. ಉಳಿದ 20ರಲ್ಲಿ ಯಾರ್‍ಯಾರು ಇದ್ದಾರೋ.

ಈಗ ನಮ್ಮ ಕಾನೂನಿಗೆ ಬರೋಣ. ಆರೋಪಿಯನ್ನು ಬೇರೆಯವರ ಜೊತೆ ಸಾಲಾಗಿ ನಿಲ್ಲಿಸಿ ಸಾಕ್ಷಿಗೆ ತೋರಿಸುವ ಗುರುತು ಪತ್ತೆ ಪರೇಡ್ ನಿಮಗೆ ಗೊತ್ತೇ ಇದೆ. ಹಳೆಯ ಸಾಕ್ಷ್ಯ ಕಾಯ್ದೆಯ 9ನೇ ಸೆಕ್ಷನ್, ಈಗಿನ ಸಾಕ್ಷ್ಯ ಅಧಿನಿಯಮದ 7. ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೆಕ್ಷನ್ 54. ನಮ್ಮಲ್ಲಿ ಮ್ಯಾಜಿಸ್ಟ್ರೇಟರೇ ನಡೆಸುತ್ತಾರೆ, ಹಲವು ಸಲ ತಹಶೀಲ್ದಾರರು. ತನಿಖಾಧಿಕಾರಿ ಅಲ್ಲಿರಬಾರದು. ಅಮೆರಿಕ ಇತ್ತೀಚೆಗೆ ಕಲಿತ ಪಾಠದ ಅರ್ಧ ನಮ್ಮಲ್ಲಿ ಎಷ್ಟೋ ಹಿಂದೆಯೇ ಇತ್ತು, ಅದನ್ನು ಒಪ್ಪಬೇಕು. ಇನ್ನರ್ಧ ಇಲ್ಲ. ಪರೇಡ್ ನಡೆಸುವ ತಹಶೀಲ್ದಾರರಿಗೆ ಸಾಲಿನಲ್ಲಿ ಆರೋಪಿ ಯಾರು ಅಂತ ಗೊತ್ತಿರುತ್ತದೆ. ಬೇರೆಯವರ ನಡುವೆ ಅವನನ್ನು ನಿಲ್ಲಿಸುವವರೇ ಅವರು.

ಪರೇಡಿಗಿಂತ ನನಗೆ ಚಿಂತೆ ಇರುವುದು ಮೊದಲ ಹೇಳಿಕೆಯ ಬಗ್ಗೆ. ಪೊಲೀಸರು ಸಾಕ್ಷಿಯಿಂದ ಬರೆದುಕೊಳ್ಳುವ ಹೇಳಿಕೆ ಅದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 161, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 180. ಸಾಕ್ಷಿ ಹೇಳುತ್ತಾರೆ, ಠಾಣೆಯ ರೈಟರ್ ತಮ್ಮ ಭಾಷೆಯಲ್ಲಿ ಟೈಪ್ ಮಾಡುತ್ತಾರೆ. ‘ಸದರಿ ಆಸಾಮಿಯು ಸುಮಾರು 30 ವರ್ಷ ಪ್ರಾಯದವನಿದ್ದು’ ಅಂತ ಯಾವ ತರಕಾರಿ ಮಾರುವ ಅಜ್ಜಿಯೂ ಹೇಳಿರುವುದಿಲ್ಲ. ಆ ಕಾಗದದಲ್ಲಿ ಉತ್ತರ ಇದೆ, ಪ್ರಶ್ನೆ ಇಲ್ಲ. ‘ಗಡ್ಡ ಇತ್ತಾ’ ಅಂತ ಕೇಳಿದ್ದಕ್ಕೆ ‘ಹ್ಞೂಂ’ ಅಂದರಾ, ತಾವಾಗಿಯೇ ಗಡ್ಡ ಅಂದರಾ, ಕೋರ್ಟಿಗೆ ತಿಳಿಯುವ ದಾರಿಯೇ ಇಲ್ಲ.

ಇಲ್ಲಿ ಒಂದು ಸಾದಾ ಯಂತ್ರ ಇಡಿ ಅನ್ನುತ್ತೇನೆ. ನಾವೊ ತರುವಷ್ಟು ದುಡ್ಡು ಬೇಡ, ಒಂದು ಟ್ಯಾಬ್ ಸಾಕು. ಮೊದಲೇ ಬರೆದಿಟ್ಟ, ವಕೀಲರೂ ಮನಶ್ಶಾಸ್ತ್ರಜ್ಞರೂ ನೋಡಿದ ಪ್ರಶ್ನೆಗಳು. ‘ಏನು ನೋಡಿದಿರಿ, ಮೊದಲಿಂದ ಹೇಳಿ.’ ‘ಇನ್ನೇನಾದರೂ?’ ‘ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ.’ ಧ್ವನಿ ಕನ್ನಡದಲ್ಲಿ, ಕಲಬುರಗಿಯಲ್ಲಿ ಕಲಬುರಗಿ ಕನ್ನಡದಲ್ಲಿ, ಕುಂದಾಪುರದಲ್ಲಿ ಅಲ್ಲಿಯ ಮಾತಿನಲ್ಲಿ. ಅದು ತಲೆಯಾಡಿಸಬಾರದು, ಹೊಗಳಬಾರದು, ಉತ್ತರಕ್ಕೆ ಏನೂ ಸೇರಿಸಬಾರದು. ಹೇಳಿಕೆಯನ್ನು ಧ್ವನಿ, ವಿಡಿಯೊದಲ್ಲಿ ದಾಖಲಿಸಲು 180ರಲ್ಲೇ ಅವಕಾಶ ಇದೆ, ಹೊಸ ಕಾನೂನು ಬೇಕಿಲ್ಲ. ಹೆದರಿದವರಿಗೆ, ಮಕ್ಕಳಿಗೆ ಪಕ್ಕದಲ್ಲಿ ಒಬ್ಬ ಮನುಷ್ಯರು ಬೇಕೇ ಬೇಕು. ಆದರೆ ಅವರು ಕೇಸಿನ ಬಗ್ಗೆ ಏನೂ ಗೊತ್ತಿಲ್ಲದವರಾಗಿರಲಿ, ನೀರು ಕೊಡಲಿ, ಪ್ರಶ್ನೆ ಕೇಳದಿರಲಿ.

ನೀವು ಬೇಗ ವಕೀಲರಾಗುವವರು. ನಾಳೆ ನಿಮ್ಮ ಕಕ್ಷಿದಾರರ ವಿರುದ್ಧ ಹೀಗೊಂದು ಟ್ಯಾಬ್ ಹೇಳಿಕೆ ಬಂದರೆ ಟ್ಯಾಬಿಗೆ ಪಾಟೀಸವಾಲು ಮಾಡಲು ಆಗುವುದಿಲ್ಲ ಅಂತ ಗಾಬರಿ ಬೀಳಬೇಡಿ. ಪೂರ್ತಿ ಫೈಲ್ ಕೇಳಿ, ಪ್ರಶ್ನೆಪಟ್ಟಿ ಬರೆದವರನ್ನು ಸಾಕ್ಷಿಕಟ್ಟೆಗೆ ಕರೆಸಿ. ರೆಕಾರ್ಡಿಂಗ್ ಶುರುವಾಗುವ ಮುಂಚೆ ಆ ಕೋಣೆಯಲ್ಲಿ ಯಾರಿದ್ದರು, ಏನು ಮಾತಾಡಿದರು ಅಂತಲೂ ಕೇಳಿ.